ಹಿಮದ ಅಳಿವೂ ಕರುಣರಸವೂ

ಸಾವಿರಾರು ಗಾವುದಗಳಾಚೆ ಭೂಮಿಯ ನೆತ್ತಿಯಲ್ಲಿ ಕರಗುತ್ತಿರುವ ಹಿಮಕ್ಕಾಗಿ, ಹಿರೇಗುಂಟನೂರಿನ ಸೀಮೆಯ ಹೊಲದ ಬದುವಿನ ಮೇಲೆ ನಿಂತು ಮುಗಿಲನ್ನು ನೋಡುತ್ತಿರುವ ರೈತನು ದುಃಖಿಸಬೇಕೆ? ದುಃಖಿಸಬೇಕಾದರೆ ಯಾವ ನ್ಯಾಯದಿಂದ? ಬೇಕಾಗಿಲ್ಲವಾದರೆ ಆ ದುಃಖವು ಯಾರ ಪಾಲಿನದು? ಪ್ರಶ್ನೆಯು ಮೊದಲು ಕಿವಿಗೆ ಬೀಳುವಾಗ ವಿನೋದದಂತೆ ತೋರುವುದು ಸಹಜ. ಚಿತ್ರದುರ್ಗದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಅರವತ್ತು ಸೆಂಟಿಮೀಟರಿನ ಆಸುಪಾಸಿನದು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿಯವರಿಗೆ ನೀರೆಂಬುದು ರೋಹಿಣಿ, ಮೃಗಶಿರೆ, ಆರ್ದ್ರೆಗಳ ಲೆಕ್ಕದಲ್ಲಿ ಬರತಕ್ಕ ವಸ್ತು. ಬೆಟ್ಟದಂತೆ ಹೆಪ್ಪುಗಟ್ಟಿ ನಿಂತ ನೀರನ್ನು ಕಣ್ಣಾರೆ ಕಂಡವರು ವಿರಳ. ಶೇಂಗಾ ಬಿತ್ತಿದವನಿಗೆ ಶೇಂಗಾದ ಚಿಂತೆ, ಈರುಳ್ಳಿ ಹಾಕಿದವನಿಗೆ ಈರುಳ್ಳಿಯ ಚಿಂತೆ. ಹಾಗಿರಲು ಧ್ರುವಪ್ರದೇಶದ ಹಿಮದ ಚಿಂತೆಯನ್ನು ಅವನ ತಲೆಯ ಮೇಲೆ ಹೊರಿಸುವುದು ಪಂಡಿತರ ಕ್ರೌರ್ಯವೆಂದು ಒಬ್ಬರು ಹೇಳಿದರೆ ತಪ್ಪೆನ್ನಲಾಗದು.

ಆದರೂ ಪ್ರಶ್ನೆಯನ್ನು ಹಾಗೆಯೇ ತಳ್ಳಿಬಿಡುವಂತಿಲ್ಲ. ಇಂದು ವಿದ್ಯಾವಂತರ ಮನೆಗಳಲ್ಲಿ ಹವಾಗುಣದ ವ್ಯತ್ಯಯದ ಮಾತು ನಿತ್ಯದ ಮಾತಾಗಿದೆ. ವಿಜ್ಞಾನಿಗಳು ಅಳೆದು ಹೇಳುತ್ತಾರೆ, ಕಲಾವಿದರು ಅದನ್ನೇ ಚಿತ್ರವಾಗಿ, ಗಾನವಾಗಿ, ಸ್ಮಾರಕವಾಗಿ ಮಾಡಿ ತೋರಿಸುತ್ತಾರೆ. ನೋಡಿದವರ ಕಣ್ಣು ಒದ್ದೆಯಾಗುತ್ತದೆ. ಒದ್ದೆಯಾದ ಕಣ್ಣಿನಿಂದ ಏನಾಗಬೇಕು, ಏನಾಗುತ್ತಿದೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಅಳತೆಯ ಮಾತು. ದಕ್ಷಿಣ ಧ್ರುವಖಂಡವಾದ ಅಂಟಾರ್ಕ್ಟಿಕದ ಡೋಮ್ ಸಿ ಎಂಬ ಹಿಮಪ್ರಸ್ಥದಲ್ಲಿ ಯೂರೋಪಿನ ವಿಜ್ಞಾನಿಗಳು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಕೊರೆದು ಹಿಮದ ಕಂಬವನ್ನು ಹೊರಕ್ಕೆ ತೆಗೆದರು. ವರ್ಷವರ್ಷವೂ ಬಿದ್ದ ಹಿಮವು ಒಂದರ ಮೇಲೊಂದು ಪದರವಾಗಿ ಒತ್ತಿಕೊಳ್ಳುವಾಗ ಆಯಾ ಕಾಲದ ಗಾಳಿಯು ಸಣ್ಣ ಗುಳ್ಳೆಗಳಾಗಿ ಒಳಗೆ ಸೆರೆಯಾಗುತ್ತದೆ. ಎಂಟು ಲಕ್ಷ ವರ್ಷಗಳ ಗಾಳಿಯನ್ನು ಹೀಗೆ ಆ ಕಂಬದಿಂದ ಓದಿದ್ದಾಯಿತು. 2025ರ ಜನವರಿಯಲ್ಲಿ ಅದರ ಸಮೀಪದಲ್ಲಿಯೇ ಇನ್ನೊಂದು ಕೊರೆತವು ಹನ್ನೆರಡು ಲಕ್ಷ ವರ್ಷಗಳಷ್ಟು ಹಳೆಯ ಹಿಮವನ್ನು ಮುಟ್ಟಿತು. ಆ ಎಂಟು ಲಕ್ಷ ವರ್ಷಗಳಲ್ಲಿ ಹಿಮಯುಗಗಳು ಬಂದವು, ಹೋದವು. ಆದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲಾಮ್ಲವು 300 ಭಾಗವನ್ನು ಮೀರಿದ್ದಿಲ್ಲ. ಕಲ್ಲಿದ್ದಲಿನ ಯಂತ್ರಗಳು ಹಬ್ಬುವುದಕ್ಕೆ ಮುಂಚೆ ಅದು ಸುಮಾರು 280 ಭಾಗವಿತ್ತು. ಈಗ 420ನ್ನು ದಾಟಿದೆ. ಉತ್ತರ ಧ್ರುವದ ಸೀಮೆಯು ಉಳಿದ ಭೂಮಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ ಕಾಯುತ್ತಿದೆ. ಅಲ್ಲಿಯ ಸಮುದ್ರದ ಮೇಲಣ ಹಿಮವು 2012ರ ಸೆಪ್ಟೆಂಬರಿನಲ್ಲಿ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. 1980ರ ದಶಕದಲ್ಲಿ ಅದೇ ತಿಂಗಳಲ್ಲಿ ಇರುತ್ತಿದ್ದುದರ ಸುಮಾರು ಅರ್ಧ.

ಇದೆಲ್ಲ ದೂರದ ಮಾತೆಂದು ತೋರಿದರೆ ಹತ್ತಿರದ ಮಾತೊಂದುಂಟು. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯನ್ನು ಅರಿಯದವರು ಈ ಸೀಮೆಯಲ್ಲಿ ಇರಲಾರರು. ಮಂಗಳೂರು ವಿಶ್ವವಿದ್ಯಾನಿಲಯದ ಭೂವಿಜ್ಞಾನಿಗಳು ಆ ಕೆರೆಯ ತಳದ ಕೆಸರನ್ನು ಪದರ ಪದರವಾಗಿ ತೆಗೆದು, ಅದರ ಅಯಸ್ಕಾಂತಗುಣವನ್ನು ಅಳೆದು, ಹಿಂದಿನ 3,700 ವರ್ಷಗಳಲ್ಲಿ ಈ ಸೀಮೆಯ ಮಳೆಯು ಹೇಗೆ ಹೆಚ್ಚಿತು, ಹೇಗೆ ಕುಗ್ಗಿತು ಎಂಬುದನ್ನು 2006ರಲ್ಲಿ ಪ್ರಕಟಿಸಿದರು. ಇದರ ಯುಕ್ತಿ ಸರಳವಾದದ್ದು. ಮಳೆ ಚೆನ್ನಾಗಿ ಬಿದ್ದ ಕಾಲದಲ್ಲಿ ಸುತ್ತಲಿನ ನೆಲದಿಂದ ಕಬ್ಬಿಣದ ಅಂಶವುಳ್ಳ ಮಣ್ಣು ಹೆಚ್ಚಾಗಿ ಕೊಚ್ಚಿ ಬರುತ್ತದೆ; ಆ ಪದರವು ಅಯಸ್ಕಾಂತಕ್ಕೆ ಹೆಚ್ಚಾಗಿ ಓಗೊಡುತ್ತದೆ. ಬರಗಾಲದ ಪದರವು ಕಡಮೆ. ನಾಯಕನ ಹೆಸರಿಗಿಂತ ಅವನ ಕೆರೆಯ ಕೆಸರು ಎಷ್ಟೋ ಹಳೆಯದೆಂಬುದೂ ಇದರಿಂದ ತಿಳಿಯಿತು. ಆಶ್ಚರ್ಯವೇನೆಂದರೆ, ಇದೇ ಪರಂಪರೆಯ ಸಂಶೋಧಕರು ಮುಂದೆ ಇದೇ ವಿಧಾನವನ್ನು ಅಂಟಾರ್ಕ್ಟಿಕಕ್ಕೆ ಕೊಂಡೊಯ್ದರು. ಭಾರತದ ‘ಮೈತ್ರಿ’ ಎಂಬ ನೆಲೆಯು 1989ರಿಂದ ಅಲ್ಲಿಯ ಶಿರ್ಮಾಕರ್ ಎಂಬ ಹಿಮವಿಲ್ಲದ ಬಂಡೆನೆಲದ ಮೇಲಿದೆ. ಆ ನೆಲದ ಸರೋವರಗಳ ತಳದ ಕೆಸರನ್ನೂ ದುರ್ಗದ ಕೆರೆಯ ಕೆಸರಿನಂತೆಯೇ ಅಯಸ್ಕಾಂತದಿಂದ ಓದಿದರು. ಒಂದು ಕಡೆ ಮಳೆಯ ಕಥೆ, ಇನ್ನೊಂದು ಕಡೆ ಹಿಮದ ಕಥೆ, ಲಿಪಿ ಒಂದೇ.

ಸಂಬಂಧವು ಓದುವ ವಿಧಾನದಲ್ಲಿ ಮಾತ್ರವೇ ಇದೆಯೋ, ವಸ್ತುವಿನಲ್ಲಿಯೂ ಇದೆಯೋ ಎಂದು ಕೇಳಬಹುದು. ಗೋವೆಯಲ್ಲಿರುವ ಭಾರತದ ಧ್ರುವಸಂಶೋಧನ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಒಂದು ವಿಷಯವನ್ನು ಹೇಳಿದರು. ರಷ್ಯದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮವು ಕಡಮೆಯಾದ ವರ್ಷಗಳಲ್ಲಿ ಮಧ್ಯಭಾರತದಲ್ಲಿ ಸೆಪ್ಟೆಂಬರಿನ ಅತಿವೃಷ್ಟಿಯು ಹೆಚ್ಚಾಗಿ ಕಾಣುತ್ತದೆಂದೂ ಇವೆರಡಕ್ಕೂ ಸಂಬಂಧವಿರಬಹುದೆಂದೂ ಅವರ ಅಭಿಪ್ರಾಯ. ಇದು ‘ಇರಬಹುದು’ ಎಂಬ ಮಾತೇ ಹೊರತು ‘ಇದೆ’ ಎಂಬ ಮಾತಲ್ಲ. ಸತ್ಯವನ್ನು ಹುಡುಕುವವರಿಗೆ ಆ ಎಚ್ಚರವೇ ಶೋಭೆ. ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿಬಿದ್ದು, ಮತ್ತೆ ಕೋಡಿಬೀಳಲು 2022ರವರೆಗೆ ಎಂಬತ್ತೊಂಬತ್ತು ವರ್ಷ ಕಾದು, ಅನಂತರ 2025ರ ಜನವರಿಯಲ್ಲಿಯೇ ಪುನಃ ಕೋಡಿಬಿದ್ದುದನ್ನು ಕಂಡು, ಹವಾಗುಣವು ಬದಲಾದುದಕ್ಕೆ ಇದೇ ಸಾಕ್ಷಿಯೆಂದು ಕೆಲವರು ಹೇಳಿಬಿಟ್ಟರು. ಭದ್ರಾ ನದಿಯ ನೀರನ್ನು ಕಾಲುವೆಯಿಂದ ಆ ಜಲಾಶಯಕ್ಕೆ ಹರಿಸಿದುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಅವಸರದ ಸಾಕ್ಷ್ಯವು ಒಳ್ಳೆಯ ವ್ಯಾಜ್ಯವನ್ನೂ ಕೆಡಿಸುತ್ತದೆ.

ಅಳೆಯುವ ಬುದ್ಧಿಯು ಪಶ್ಚಿಮದಿಂದ ಬಂದದ್ದೆಂದು ಭಾವಿಸುವವರುಂಟು. ಕೌಟಿಲ್ಯನು ಕೋಷ್ಠಾಗಾರದಲ್ಲಿ ಒಂದು ಮೊಳದಷ್ಟು ಬಾಯಿಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇಡಬೇಕೆಂದು ವಿಧಿಸಿದ್ದಾನೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಧಾರಣೆಗೆ ಒಂದು ಅಧ್ಯಾಯವೇ ಇದೆ. ಗರ್ಭ ನಿಂತ 195ನೆಯ ದಿನಕ್ಕೆ ಮಳೆಯು ಪ್ರಸವವಾಗುವುದೆಂದು ಅವನ ಗಣನೆ. ಗಣನೆ ಸರಿಯೋ ತಪ್ಪೋ, ಅದು ಬೇರೆ ಮಾತು. ಅದನ್ನು ಅವನು ಹೇಳಿದ ರೀತಿಯನ್ನು ಗಮನಿಸಬೇಕು: ಅಂಕವೂ ಇದೆ, ಪದ್ಯವೂ ಇದೆ, ಮೇಘವನ್ನು ಗರ್ಭಿಣಿಯೆಂದು ಕಾಣುವ ಕಣ್ಣೂ ಇದೆ. ಮೂರನ್ನೂ ಒಬ್ಬನೇ ಹಿಡಿದಿದ್ದನು. ಇಂದು ಅಂಕವು ಒಬ್ಬನ ಕೈಯಲ್ಲಿ, ಕಣ್ಣು ಇನ್ನೊಬ್ಬನ ಕೈಯಲ್ಲಿ.

ಅಂಕವು ತಾನಾಗಿಯೇ ಯಾವ ಭಾವವನ್ನೂ ಹುಟ್ಟಿಸಲಾರದೆಂಬುದಕ್ಕೆ ಒಂದು ನಿದರ್ಶನವಿದೆ. ಸ್ವೀಡನ್ ದೇಶದ ಅರ್ಹೇನಿಯಸ್ ಎಂಬ ರಸಾಯನಶಾಸ್ತ್ರಜ್ಞನು 1896ರಲ್ಲಿಯೇ, ಗಾಳಿಯಲ್ಲಿ ಇಂಗಾಲಾಮ್ಲವು ಇಮ್ಮಡಿಯಾದರೆ ಭೂಮಿಯು ಐದಾರು ಡಿಗ್ರಿ ಕಾಯುವುದೆಂದು ಕೈಯಿಂದಲೇ ಲೆಕ್ಕಹಾಕಿದನು. ಲೆಕ್ಕವನ್ನು ಮುಗಿಸಿ ಅವನು ಗಾಬರಿಗೊಳ್ಳಲಿಲ್ಲ. ಶೀತದೇಶದಲ್ಲಿ ಹುಟ್ಟಿ ಬೆಳೆದವನಾದುದರಿಂದ ಮುಂದಿನ ಪೀಳಿಗೆಗಳು ಹಿತವಾದ ಹವೆಯಲ್ಲಿ ಹೆಚ್ಚು ಬೆಳೆ ತೆಗೆಯುವರೆಂದು ಸಂತೋಷಪಟ್ಟನು. ಇಂದು ಅದೇ ಬಗೆಯ ಲೆಕ್ಕವನ್ನು ಓದಿದವರಿಗೆ ನಿದ್ರೆ ಬರುವುದಿಲ್ಲ. ಲೆಕ್ಕದ ಜಾತಿ ಒಂದೇ ಆಗಿರುವಾಗ ಭಾವವು ಬೇರೆಯಾಗಲು ಕಾರಣವು ಲೆಕ್ಕದ ಹೊರಗೆ ಎಲ್ಲಿಯೋ ಇರಬೇಕಷ್ಟೆ. ಕಾಳಿದಾಸನ ಮಾತನ್ನೂ ಇಲ್ಲಿ ನೆನೆಯಬಹುದು. ಕುಮಾರಸಂಭವದ ಆರಂಭದಲ್ಲಿ ಹಿಮವಂತನನ್ನು ವರ್ಣಿಸುವಾಗ ಅವನು ಹಿಮವನ್ನು ಆ ಪರ್ವತದ ಒಂದು ದೋಷವೆಂದು ಎಣಿಸಿ, ಅನೇಕ ಗುಣಗಳ ನಡುವೆ ಅದೊಂದು ಮುಳುಗಿಹೋಗುವುದೆಂದು ಸಮಾಧಾನ ಹೇಳಿದನು. ಕವಿಕುಲಗುರುವು ಕ್ಷಮಿಸಿ ಬಿಟ್ಟ ದೋಷಕ್ಕಾಗಿ ಇಂದು ಲೋಕವು ಅಳುತ್ತಿದೆ!

ಇನ್ನು ಕಲೆಯ ಮಾತು. 2015ರ ಡಿಸೆಂಬರಿನಲ್ಲಿ, ರಾಷ್ಟ್ರಗಳ ಪ್ರತಿನಿಧಿಗಳು ಹವಾಗುಣದ ಒಪ್ಪಂದಕ್ಕಾಗಿ ಪ್ಯಾರಿಸ್ ನಗರದಲ್ಲಿ ಸೇರಿದ್ದಾಗ, ಓಲಾಫರ್ ಎಲಿಯಾಸನ್ ಎಂಬ ಕಲಾವಿದನೂ ಮಿನಿಕ್ ರೋಸಿಂಗ್ ಎಂಬ ಭೂವಿಜ್ಞಾನಿಯೂ ಕೂಡಿ ಗ್ರೀನ್‌ಲ್ಯಾಂಡಿನ ಕಡಲಕವಲಿನಲ್ಲಿ ತೇಲುತ್ತಿದ್ದ ಹನ್ನೆರಡು ಹಿಮಖಂಡಗಳನ್ನು ತರಿಸಿ, ನಗರದ ಚೌಕದಲ್ಲಿ ಗಡಿಯಾರದ ಅಂಕಗಳಂತೆ ವೃತ್ತಾಕಾರವಾಗಿ ಇರಿಸಿದರು. ಅದಕ್ಕೆ ಮುಂಚೆ 2014ರಲ್ಲಿ ಕೋಪನ್‌ಹೇಗನ್ನಿನಲ್ಲಿಯೂ ಅನಂತರ 2018ರಲ್ಲಿ ಲಂಡನ್ನಿನಲ್ಲಿಯೂ ಹೀಗೆಯೇ ಮಾಡಿದರು. ಜನರು ಬಂದು ಹಿಮವನ್ನು ತಡವಿದರು, ತಬ್ಬಿಕೊಂಡರು. ಮಕ್ಕಳು ನಾಲಗೆಯಿಂದ ನೆಕ್ಕಿದರು. ಕಿವಿಯಿಟ್ಟವರಿಗೆ ಒಳಗಿನ ಪುರಾತನ ಗಾಳಿಯ ಗುಳ್ಳೆಗಳು ಚಿಟಚಿಟನೆ ಒಡೆಯುವ ಸದ್ದು ಕೇಳಿಸಿತು. ಕೆಲವು ದಿನಗಳಲ್ಲಿ ಎಲ್ಲವೂ ಕರಗಿ ಹರಿದುಹೋಯಿತು. 2016ರಲ್ಲಿ ಇಟಲಿಯ ಐನೌದಿ ಎಂಬ ವಾದಕನು ಸ್ವಾಲ್‌ಬಾರ್ಡ್ ದ್ವೀಪಗಳ ಒಂದು ಹಿಮನದಿಯೆದುರು ತೇಲುವ ವೇದಿಕೆಯ ಮೇಲೆ ಪಿಯಾನೋ ಇಟ್ಟುಕೊಂಡು ಉತ್ತರ ಧ್ರುವಕ್ಕಾಗಿ ಒಂದು ಶೋಕಗೀತವನ್ನು ನುಡಿಸಿದನು. ಹಿಂದೆ ಹಿಮದ ಗೋಡೆಯು ಕುಸಿಯುತ್ತಿದ್ದಿತು. ಭಾರತದ ‘ಹಿಮಾದ್ರಿ’ ಎಂಬ ಸಂಶೋಧನಾಲಯವು 2008ರಿಂದ ಇರುವುದೂ ಅದೇ ದ್ವೀಪಸಮೂಹದಲ್ಲಿ.

ಇವು ಸುಂದರವಾದ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಸಂದೇಹವಿರುವುದು ಆ ಸೌಂದರ್ಯದ ಫಲದಲ್ಲಿ. ಭರತನ ಕಾಲದಿಂದಲೂ ಅಲಂಕಾರಿಕರು ಒಪ್ಪಿದ ಮಾತೊಂದಿದೆ: ಲೋಕದಲ್ಲಿ ಶೋಕವು ದುಃಖವೇ ಆದರೂ ಕಾವ್ಯದಲ್ಲಿ ಅದು ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ಸೀತಾಪರಿತ್ಯಾಗವನ್ನು ಓದಿ ಅಳುವ ಸಹೃದಯನು ಮಾರನೆಯ ದಿನ ಅದನ್ನೇ ಮತ್ತೆ ಓದುತ್ತಾನೆ. ನಿಜವಾದ ದುಃಖವನ್ನು ಯಾರೂ ಹೀಗೆ ಎರಡನೆಯ ಸಲ ಅರಸಿಕೊಂಡು ಹೋಗುವುದಿಲ್ಲ. ಅಭಿನವಗುಪ್ತಪಾದರು ರಸಾನುಭವವನ್ನು ಚಿತ್ತದ ವಿಶ್ರಾಂತಿಯೆಂದು ಹೇಳುತ್ತಾರೆ. ಅಲ್ಲಿ ‘ಇದು ನನ್ನದು, ಇದು ಪರರದು’ ಎಂಬ ಎಣಿಕೆ ಅಳಿದಿರುತ್ತದೆ, ‘ಇದನ್ನು ಮಾಡಬೇಕು, ಇದನ್ನು ಬಿಡಬೇಕು’ ಎಂಬ ಉದ್ಯಮವೂ ಅಡಗಿರುತ್ತದೆ. ನಾಟಕಶಾಲೆಯಲ್ಲಿ ಇದು ಭಾಗ್ಯವೇ ಸರಿ. ಆದರೆ ಮನೆಯು ಹೊತ್ತಿಕೊಂಡಾಗ ಜ್ವಾಲೆಯ ವರ್ಣವನ್ನು ಆಸ್ವಾದಿಸಿ ವಿಶ್ರಾಂತಿಯನ್ನು ಪಡೆದರೆ ಅದನ್ನು ರಸಿಕತೆಯೆನ್ನಬಹುದೆ? ಹಿಮಖಂಡವನ್ನು ತಬ್ಬಿಕೊಂಡು ಕಣ್ಣೊರಸಿಕೊಂಡು ಮನೆಗೆ ಹೋದವನು, ತಾನು ಕೊಡಬೇಕಾದುದನ್ನು ಕೊಟ್ಟು ಮುಗಿಸಿದೆನೆಂಬ ಹಗುರವನ್ನು ಹೊತ್ತು ಹೋಗುವ ಭಯವಿದೆ. ಹಾಗಾದಲ್ಲಿ ಆ ಕಣ್ಣೀರು ಅವನನ್ನು ಬಂಧಿಸುವುದಕ್ಕೆ ಬದಲು ಬಿಡುಗಡೆ ಮಾಡಿದಂತಾಯಿತು.

ಇದಕ್ಕೆ ಪ್ರತಿಯಾಗಿ ಆದಿಕವಿಯ ದೃಷ್ಟಾಂತವನ್ನು ಕೊಡುವವರಿದ್ದಾರೆ. ತಮಸಾತೀರದಲ್ಲಿ ಬೇಡನ ಬಾಣಕ್ಕೆ ಸಿಕ್ಕಿ ಬಿದ್ದ ಕ್ರೌಂಚವನ್ನು ಕಂಡು ವಾಲ್ಮೀಕಿಯ ಶೋಕವು ಶ್ಲೋಕವಾಯಿತು. ಆ ಶ್ಲೋಕವು ಅಲ್ಲಿಯೇ ನಿಲ್ಲದೆ ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳ ಕಾರ್ಯಕ್ಕೆ ಮೊದಲಾಯಿತು. ಆದುದರಿಂದ ಶೋಕವು ಕಾರ್ಯಕ್ಕೆ ಮೂಲವಾಗುವುದೆಂದು ಅವರ ವಾದ. ವಾದವು ಗಟ್ಟಿಯಾದದ್ದೇ. ಆದರೆ ಒಂದು ಭೇದವನ್ನು ಅವರು ಮರೆಯುತ್ತಾರೆ. ಅಲ್ಲಿ ಶೋಕಿಸಿದವನು ಮುನಿ, ಬಾಣ ಬಿಟ್ಟವನು ನಿಷಾದ. ಶಾಪವು ಹೋಗಬೇಕಾದ ದಿಕ್ಕು ಸ್ಪಷ್ಟವಾಗಿತ್ತು. ಇಲ್ಲಿ ಹಿಮವೆಂಬ ಪಕ್ಷಿಗೆ ಬಾಣ ಬಿಟ್ಟವನೂ ಅದರ ಮುಂದೆ ನಿಂತು ಕಣ್ಣೀರಿಡುವವನೂ ಒಬ್ಬನೇ ಆಗಿರುವಾಗ ಶ್ಲೋಕವನ್ನು ಯಾರ ಮೇಲೆ ಹೇಳಬೇಕು? ಗ್ರೀನ್‌ಲ್ಯಾಂಡಿನಿಂದ ಹಿಮವನ್ನು ಸಾಗಿಸುವುದಕ್ಕೂ ಎಣ್ಣೆಯನ್ನು ಸುಡಬೇಕಾಯಿತಷ್ಟೆ. ಆ ಕಲಾವಿದರು ಅದರ ಲೆಕ್ಕವನ್ನು ತಾವೇ ಮಾಡಿಸಿ ಪ್ರಕಟಿಸಿದರೆಂಬುದು ಅವರಿಗೆ ಭೂಷಣ. ಬಾಣವನ್ನು ಬಚ್ಚಿಟ್ಟುಕೊಂಡು ಅಳುವವರಿಗಿಂತ ಬಾಣವನ್ನು ತೋರಿಸಿ ಅಳುವವರು ಮೇಲು.

ಹಾಗೆಂದು ಎಲ್ಲರೂ ಸಮನಾದ ಬೇಡರೆಂದು ಹೇಳುವುದೂ ಅನ್ಯಾಯ. ಭಾರತದಲ್ಲಿ ತಲೆಯೊಂದಕ್ಕೆ ಬೀಳುವ ಇಂಗಾಲಾಮ್ಲದ ಪಾಲು ಪ್ರಪಂಚದ ಸರಾಸರಿಯ ಅರ್ಧಕ್ಕಿಂತಲೂ ಕಡಮೆ. ಅದರಲ್ಲಿಯೂ ಹಿರೇಗುಂಟನೂರಿನ ಸೀಮೆಯಲ್ಲಿ ಎರಡೆಕರೆ ಒಣಭೂಮಿಯನ್ನು ನಂಬಿದವನ ಪಾಲು ಎಷ್ಟಿದ್ದೀತು? ಮೊದಲಲ್ಲಿ ಕೇಳಿದ ಪ್ರಶ್ನೆಗೆ ಇಷ್ಟು ಉತ್ತರವನ್ನು ನಿಸ್ಸಂಕೋಚವಾಗಿ ಕೊಡಬಹುದು: ಧ್ರುವದ ಹಿಮಕ್ಕಾಗಿ ದುಃಖಿಸುವ ಋಣವು ಅವನ ಮೇಲಿಲ್ಲ. ಅವನು ಕ್ರೌಂಚದ ಪಕ್ಷದವನು. ಮಳೆಯು ಹಿಂದುಮುಂದಾಗಿ ಬಂದರೆ ಮೊದಲು ಬೀಳುವವನು ಅವನೇ. ಋಣವಿರುವುದು ಈ ಮಾತುಗಳನ್ನು ಓದಿ ತಲೆದೂಗಬಲ್ಲ ಮನೆಗಳ ಮೇಲೆ. ಮನೆಯ ಮುಂದೆ ಮೋಟಾರು, ಒಳಗೆ ತಂಪು ಮಾಡುವ ಯಂತ್ರ, ವರ್ಷಕ್ಕೆರಡು ಸಲ ವಿಮಾನದ ಪ್ರಯಾಣ ಇರುವವರ ಮೇಲೆ. ದುರ್ಗದ ಬೆಟ್ಟಸಾಲುಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ತೋರಿಸಿ, ಈ ಜಿಲ್ಲೆಯು ತನ್ನ ಪ್ರಾಯಶ್ಚಿತ್ತವನ್ನು ಮಾಡುತ್ತಿದೆಯೆಂದು ಹೇಳಿಕೊಳ್ಳುವುದುಂಟು. ಬೆಟ್ಟವು ಇಲ್ಲಿಯದು, ಗಾಳಿಯೂ ಇಲ್ಲಿಯದು; ದೀಪಗಳ ಬಹುಭಾಗ ಎಲ್ಲಿ ಉರಿಯುತ್ತದೆಂದು ಕೇಳಿದರೆ ಪ್ರಾಯಶ್ಚಿತ್ತವು ಯಾರದೆಂಬುದು ಅಷ್ಟು ಸುಲಭವಾಗಿ ತೀರದು.

ಅರಿತವನೂ ಋಣದಿಂದ ಮುಕ್ತನಲ್ಲ. ಚಳ್ಳಕೆರೆಯ ಕಡೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಎರಡನೆಯ ಆವರಣವು ದೊರೆತಿದೆ. ಆ ನೆಲವು ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಅಲ್ಲಿಯ ಸಾವಿರಾರು ಎಕರೆಗಳು ಸಂಸ್ಥೆಗಳಿಗೆ ಹೋದಾಗ ದನ ಕುರಿಗಳನ್ನು ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು, ವ್ಯಾಜ್ಯವು ಹಸಿರು ನ್ಯಾಯಪೀಠದವರೆಗೆ ಹೋಯಿತು. ವಿದ್ಯೆಗೆ ಸ್ಥಳ ಬೇಕು, ಕುರಿಗೂ ಹುಲ್ಲು ಬೇಕು. ಇವೆರಡರಲ್ಲಿ ಯಾವುದು ಮೇಲೆಂದು ಇಲ್ಲಿ ತೀರ್ಪು ಕೊಡುವ ಉದ್ದೇಶವಿಲ್ಲ. ಜ್ಞಾನವೂ ಯಾವುದೋ ಹುಲ್ಲುಗಾವಲಿನ ಮೇಲೆಯೇ ನಿಲ್ಲುತ್ತದೆಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ಈ ಸೀಮೆಯಲ್ಲಿ ಮಳೆ ಹೋದಾಗ ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೂ ಹಾಡುತ್ತ ಹೋಗುವರು. ಮನೆಯಾಕೆ ಒಂದು ತಂಬಿಗೆ ನೀರನ್ನು ಅವನ ಮೇಲೆ ಸುರಿದು, ಮೊರದಲ್ಲಿ ಕಾಳನ್ನೋ ಹಿಟ್ಟನ್ನೋ ತಂದು ಹಾಕುವಳು. ಕೂಡಿದುದನ್ನು ಅಟ್ಟು ಎಲ್ಲರೂ ಉಣ್ಣುವರು. ಇದರಿಂದ ಮಳೆ ಬರುವುದಿಲ್ಲವೆಂದು ವಿದ್ಯಾವಂತರು ನಗುವರು. ಮಳೆ ಬರುವುದಿಲ್ಲವೆಂಬುದು ನಿಜವೇ. ಪ್ಯಾರಿಸ್ಸಿನ ಚೌಕದ ಹಿಮದಿಂದಲೂ ಒಪ್ಪಂದದ ಒಂದಕ್ಷರ ಬದಲಾಯಿತೆಂದು ಯಾರೂ ಹೇಳಿಲ್ಲ. ಆದರೆ ಮಳೆರಾಯನ ಹಾಡಿನಲ್ಲಿ ನೋಡುವವನೆಂಬ ಜಾತಿಯೇ ಇಲ್ಲ. ಹಾಡಿದವನ ಹೊಲವೂ ಒಣಗಿದೆ, ನೀರು ಸುರಿದವಳ ಕೊಡವೂ ಬರಿದಾಗುತ್ತಿದೆ. ಅಂಥ ಕಾಲದಲ್ಲಿ ಒಂದು ತಂಬಿಗೆಯನ್ನು ಹೊರಗೆ ಚೆಲ್ಲಿ ಒಂದು ಹಿಡಿ ಕಾಳನ್ನು ಕೊಡುತ್ತಾಳೆ. ಅಲ್ಲಿ ಕರುಣೆಯು ವಿಶ್ರಾಂತಿಗೆ ಹೋಗದೆ ಮೊರದ ಮೇಲೆ ಬಂದು ಬೀಳುತ್ತದೆ. ಕಲೆಯ ಗುಣದಲ್ಲಿ ಆ ಹಾಡನ್ನು ಐನೌದಿಯ ವಾದನದೊಡನೆ ಹೋಲಿಸುವುದು ಬೇಡ. ಧರ್ಮದಲ್ಲಿ ಹೋಲಿಸಿದರೆ ಹಾಡು ಸೋಲುವುದಿಲ್ಲ.

ಕನ್ನಡ ನಾಡಿನ ಶಾಸನಗಳ ಕಡೆಗೆ ತಿರುಗಿದರೆ ಈ ವಿಷಯವು ಇನ್ನೂ ತಿಳಿಯಾಗುತ್ತದೆ. ದುರ್ಗದ ಬೆಟ್ಟದ ಮಗ್ಗುಲಿಗಿರುವ ಚಂದ್ರವಳ್ಳಿಯಲ್ಲಿ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ, ಕದಂಬ ಮಯೂರಶರ್ಮನ ಪ್ರಾಕೃತ ಶಾಸನವೊಂದಿದೆ. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಬೆಳಕಿಗೆ ತಂದರು. ಕ್ರಿಸ್ತಶಕ ನಾಲ್ಕನೆಯ ಶತಮಾನದ್ದು, ಮೂರೇ ಸಾಲು. ಅದರಲ್ಲಿ ಬರುವ ಶತ್ರುರಾಜರ ಹೆಸರುಗಳನ್ನು ಓದುವುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು, ಆದರೆ ಅದು ಒಂದು ತಟಾಕದ ಶಾಸನವೆಂಬುದರಲ್ಲಿ ವಿವಾದವಿಲ್ಲ. ವೇದಾಧ್ಯಯನಕ್ಕೆಂದು ಕಂಚಿಗೆ ಹೋಗಿ, ಅಲ್ಲಿ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದು ರಾಜ್ಯವನ್ನು ಕಟ್ಟಿದವನು, ತನ್ನ ಹೆಸರು ಉಳಿಯಲೆಂದು ಒಣಸೀಮೆಯ ಈ ಕಣಿವೆಯಲ್ಲಿ ಆರಿಸಿಕೊಂಡದ್ದು ಒಂದು ಕೆರೆಯನ್ನು. ಅವನ ವಂಶದ ಕಾಕುತ್ಸ್ಥವರ್ಮನು ತಾಳಗುಂದದಲ್ಲಿ ಕಟ್ಟಿಸಿದ ಕೆರೆಗಾಗಿ ಕುಬ್ಜನೆಂಬ ಕವಿಯು ಸಂಸ್ಕೃತಕಾವ್ಯವನ್ನು ರಚಿಸಿ ತಾನೇ ಕಲ್ಲಿನ ಕಂಬದ ಮೇಲೆ ಬರೆದನು. ಕದಂಬವಂಶದ ಚರಿತ್ರೆಗೆ ಆ ಕಂಬವೇ ಇಂದಿಗೂ ದೊಡ್ಡ ಆಧಾರ. ಕಾವ್ಯ ಹುಟ್ಟಿದ್ದು ನೀರಿನ ನೆವದಿಂದ. ಓದಿದವನು ತಲೆಯೆತ್ತಿದರೆ ಎದುರಿಗೆ ಕೆರೆಯಿತ್ತು.

ಮುಂದಿನ ಕಾಲದ ಶಾಸನಗಳಲ್ಲಿ ಕೊನೆಗೆ ಶಾಪಾಶಯವೊಂದು ಬರುವುದು ವಾಚಕರಿಗೆ ತಿಳಿದೇ ಇದೆ. ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬುದು ಅದರ ಸಾಮಾನ್ಯವಾದ ರೂಪ. ಕೆರೆಯನ್ನು ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದಾಗಿ ಎಣಿಸಿದರು. ಹೊಸದನ್ನು ಕಟ್ಟುವುದಕ್ಕಿಂತ ಒಡೆದ ಹಳೆಯದನ್ನು ಸರಿಮಾಡಿಸುವುದು ಹೆಚ್ಚಿನ ಪುಣ್ಯವೆಂದರು. ಆ ಬರೆಹವು ಓದುವವನನ್ನು ಸುಮ್ಮನೆ ಬಿಡುವುದಿಲ್ಲ. ಕೊಟ್ಟವನು ಸತ್ತಿದ್ದಾನೆ, ಈಗ ಕಾಯುವವನು ನೀನು ಎಂದು ಅವನ ಕೈಹಿಡಿದು ನಿಲ್ಲಿಸುತ್ತದೆ. ದುರ್ಗದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡವು ತುಂಬಿದ ಮೇಲೆ ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಕೆಳಗೆ ಸಿಹಿನೀರಿನ ಹೊಂಡಕ್ಕೂ ಸಂತೆಹೊಂಡಕ್ಕೂ ನೀರು ಇಳಿಯುವಂತೆ ಮಾಡಿದವರು ಬರೆಹವನ್ನೇ ನೆಚ್ಚಲಿಲ್ಲ. ಒಂದು ಹನಿಯೂ ಒಬ್ಬನಲ್ಲಿಯೇ ನಿಲ್ಲಬಾರದೆಂಬ ನೀತಿಯನ್ನು ಬಂಡೆಯ ಇಳಿಜಾರಿನಲ್ಲಿಯೇ ಕಟ್ಟಿಬಿಟ್ಟರು.

ಇಂಥ ಶಾಸನಗಳ ಜಾತಿಗೆ ಸೇರತಕ್ಕ ಒಂದು ಬರೆಹವು ಇತ್ತೀಚೆಗೆ ಉತ್ತರ ಧ್ರುವದ ಹತ್ತಿರದಲ್ಲಿ ಹುಟ್ಟಿದೆ. ಐಸ್‌ಲ್ಯಾಂಡ್ ದೇಶದ ‘ಓಕ್’ ಎಂಬ ಬೆಟ್ಟದ ಮೇಲಿದ್ದ ಹಿಮನದಿಯು ತೆಳುವಾಗಿ ಹರಿಯುವ ಶಕ್ತಿಯನ್ನು ಕಳೆದುಕೊಂಡದ್ದರಿಂದ, ಅದು ಇನ್ನು ಹಿಮನದಿಯಲ್ಲವೆಂ‌ದು ಅಲ್ಲಿಯ ಹಿಮಶಾಸ್ತ್ರಜ್ಞನು 2014ರಲ್ಲಿ ಸಾರಿದನು. 2019ರ ಆಗಸ್ಟಿನಲ್ಲಿ ಜನರು ಬೆಟ್ಟವನ್ನು ಹತ್ತಿಹೋಗಿ ಅಲ್ಲಿಯ ಬಂಡೆಗೆ ಒಂದು ಲೋಹದ ಫಲಕವನ್ನು ನೆಟ್ಟರು. ಅದರ ಮಾತುಗಳನ್ನು ಬರೆದವನು ಆಂದ್ರಿ ಸ್ನೈರ್ ಮಾಗ್ನಸನ್ ಎಂಬ ಲೇಖಕ. ಮುಂದಿನ ಕಾಲದವರನ್ನು ಸಂಬೋಧಿಸಿ, ಆಗುತ್ತಿರುವುದೇನೆಂಬುದೂ ಮಾಡಬೇಕಾದುದೇನೆಂಬುದೂ ತಮಗೆ ಗೊತ್ತಿದೆ, ಮಾಡಿದರೋ ಇಲ್ಲವೋ ಎಂಬುದು ಓದುವವರಿಗೇ ಗೊತ್ತು ಎಂಬ ಅಭಿಪ್ರಾಯವನ್ನು ಅದು ಹೇಳುತ್ತದೆ. ಕೊನೆಯಲ್ಲಿ ತಿಂಗಳು, ವರ್ಷ, ಮತ್ತು ಆ ಕಾಲದ ಗಾಳಿಯಲ್ಲಿದ್ದ ಇಂಗಾಲಾಮ್ಲದ ಅಂಕ 415.

ಹಿಮದ ಮೇಲೆ ಹುಟ್ಟಿದ ಕಲೆಗಳಲ್ಲೆಲ್ಲ ಈ ಫಲಕಕ್ಕೆ ಹೆಚ್ಚಿನ ಬೆಲೆ ಸಲ್ಲಬೇಕು. ಇಲ್ಲಿ ವಿಜ್ಞಾನಿಯ ಅಂಕವೂ ಕವಿಯ ವಾಕ್ಯವೂ ಒಂದೇ ಲೋಹದ ಮೇಲೆ ಕೂತಿವೆ. ಅಳು ಎಂದು ಅದು ಯಾರನ್ನೂ ಕೇಳುವುದಿಲ್ಲ. ಬರೆದವನು ತಾನೇ ಅಪರಾಧಿಯ ಸ್ಥಾನದಲ್ಲಿ ನಿಂತು, ಓದುವವನನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುತ್ತಾನೆ. ಕನ್ನಡದ ಶಾಸನವು ಮುಂದಿನವನನ್ನು ಶಪಿಸಿ ಹಿಂದಿನವನ ದಾನವನ್ನು ಕಾಯ್ದರೆ, ಈ ಶಾಸನವು ಮುಂದಿನವನ ಶಾಪಕ್ಕೆ ತನ್ನ ತಲೆಯನ್ನು ಒಡ್ಡಿದೆ. ಒಂದೇ ಕೊರತೆಯೆಂದರೆ, ಚಂದ್ರವಳ್ಳಿಯ ಶಾಸನದ ಮುಂದೆ ಹೇಳಿಕೊಳ್ಳಲು ಒಂದು ಕೆರೆಯಿತ್ತು. ಅಲ್ಲಿ ಬರಿಯ ಬಂಡೆಯಿದೆ.

ಕೆರೆಗಳ ಮಾತು ಬಂದುದರಿಂದ ಇನ್ನೊಂದು ತೊಡಕನ್ನು ಹೇಳಲೇಬೇಕು. ಈ ಜಿಲ್ಲೆಯಲ್ಲಿ ಅಡಕೆಯ ತೋಟಗಳಿಗಾಗಿ ಕೊಳವೆಬಾವಿಗಳು ವರ್ಷವರ್ಷಕ್ಕೂ ಆಳಕ್ಕೆ ಹೋಗುತ್ತಿವೆ. ಅವು ಬತ್ತಿದ ಬೇಸಿಗೆಗಳಲ್ಲಿ ಹೊಳಲ್ಕೆರೆ, ಹೊಸದುರ್ಗಗಳ ಕಡೆ ಟ್ಯಾಂಕರಿನಲ್ಲಿ ನೀರು ತಂದು ಮರದ ಬುಡಕ್ಕೆ ಹಾಕಿದ್ದುಂಟು. ಕೆರೆಯ ಹೂಳೆತ್ತಬೇಕೆಂಬ ಕೂಗು ಎಲ್ಲ ಕಡೆಯೂ ಇದೆ, ಅದು ನ್ಯಾಯವಾದ ಕೂಗು. ಹಳ್ಳಿಗರು ಆ ಹೂಳನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಗೊಬ್ಬರವಾಗಿ ಹೊಡೆಯುವುದು ಹಿಂದಿನಿಂದಲೂ ಬಂದದ್ದು. ಆದರೆ ಮಂಗಳೂರಿನ ವಿದ್ವಾಂಸರು ತಿಮ್ಮಣ್ಣನಾಯಕನ ಕೆರೆಯಲ್ಲಿ ಓದಿದ ಪುಸ್ತಕವೂ ಇದೇ ಹೂಳೇ. ಹೂಳನ್ನು ತೆಗೆದರೆ ಹಾಳೆಗಳು ಹರಿದುಹೋಗುತ್ತವೆ, ಬಿಟ್ಟರೆ ನೀರು ನಿಲ್ಲುವುದಿಲ್ಲ. ವಿಜ್ಞಾನದ ಹಿತವೂ ರೈತನ ಹಿತವೂ ಹೀಗೆ ಒಂದೇ ಗುದ್ದಲಿಯ ಎರಡು ಕಡೆ ನಿಂತಾಗ ಯಾರು ಸರಿಯಬೇಕೆಂದು ಕೇಳಿದರೆ, ವಿಜ್ಞಾನಿಯೇ ಸರಿಯಬೇಕೆಂದು ಹೇಳದೆ ಗತ್ಯಂತರವಿಲ್ಲ. ಅವನಿಗೆ ಒಂದು ತೋಳಿನಷ್ಟು ದಪ್ಪದ ಕೊಳವೆಯಲ್ಲಿ ಮೊದಲೇ ಕೆಸರನ್ನು ತೆಗೆದಿಟ್ಟುಕೊಳ್ಳುವ ಉಪಾಯವಿದೆ. ಹೊಲದವನಿಗೆ ಎರಡನೆಯ ಕೆರೆಯಿಲ್ಲ. ಧ್ರುವದಲ್ಲಿ ಹಿಮ ಕರಗುವಾಗಲೂ ಹಾಳೆಗಳು ಹರಿಯುತ್ತವೆ, ಆದರೆ ಅಲ್ಲಿ ಯಾರ ಹೊಲಕ್ಕೂ ಗೊಬ್ಬರ ಬೀಳುವುದಿಲ್ಲ; ನೀರು ಸಮುದ್ರದ ಪಾಲು.

ಮುಂಗಾರು ಆರಂಭವಾಗುವುದಕ್ಕೆ ಮುಂಚಿನ ಒಂದೆರಡು ತಿಂಗಳು ಹೂಳೆತ್ತುವ ಕಾಲ. ಕೆರೆಯಂಗಳವು ಒಣಗಿ ಬಿರುಕು ಬಿಟ್ಟಿರುತ್ತದೆ, ಗಾಡಿ ಇಳಿಯುತ್ತದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಗುಂಡಿಯ ಪಕ್ಕದಲ್ಲಿ ಕಾಣುವ ಪದರಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುವುದನ್ನು ಕಲಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು. ಗುಂಡಿ ಮುಚ್ಚುವ ಮುನ್ನ ಒಂದು ಅಯಸ್ಕಾಂತವನ್ನು ಅವರ ಕೈಗೆ ಕೊಟ್ಟರೆ ಉಳಿದುದನ್ನು ಅವರೇ ಕೇಳುವರು.